ಹಿಮ ಕರಗಿದ ಮೇಲೆ ಬಂದ ಭಾವ

ಹಿಮದ ಊರು ಬಲು ಚೆಂದ ಎನ್ನುವವರನ್ನು ಸೀಸನ್ ಮುಗಿಯುವ ವಾರ ಅಲ್ಲಿಗೆ ಕರೆದೊಯ್ದು ನಿಲ್ಲಿಸಬೇಕು. ಎಲ್ಲಿ ಕಾಲಿಟ್ಟರೂ ಕೆಸರು. ಚಳಿಗಾಲವೆಲ್ಲ ಹಿಮದಡಿ ಮುಚ್ಚಿಹೋಗಿದ್ದ ಬಿಯರ್ ಕ್ಯಾನು, ಒಂಟಿ ಗ್ಲೌಸು, ಸಿಗರೇಟ್ ತುಂಡು ಎಲ್ಲ ಮೇಲೆದ್ದು ಬರುತ್ತವೆ. ಕಾಫಿ ಅಂಗಡಿಯವನು ‘ಮುಂದಿನ ಚಳಿಗಾಲಕ್ಕೆ, ಜೂನ್‌ನಲ್ಲಿ ಸಿಗೋಣ’ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಸಮುದ್ರ ತೀರಕ್ಕೆ ಓಡಿರುತ್ತಾನೆ.

ಕೋರ್ಸ್ ಮುಗಿದರೂ ಓದಿಗೆ ತಕ್ಕ ಕೆಲಸ ಸಿಗದೆ, ಬ್ರಿಸ್ಬೇನಿನ ಟೂವಾಂಗ್‌ನಲ್ಲಿದ್ದ ಬಾಡಿಗೆ ಕೋಣೆ ಬಿಟ್ಟು, ನಾನು ವಿಕ್ಟೋರಿಯಾದ ಆ ಬೆಟ್ಟದೂರಿಗೆ ಚಳಿಗಾಲದ ಕೆಲಸಕ್ಕೆ ಹೋಗಿದ್ದೆ. ಸ್ಕೀ ಬೂಟು ಬಾಡಿಗೆಗೆ ಕೊಡುವ ಅಂಗಡಿ. ಕಂಡವರ ಕಾಲಿನ ವಾಸನೆಯೆಲ್ಲ ನನ್ನ ಮೂಗಿಗೇ. ಸೀಸನ್ ಮುಗಿಯುವವರೆಗೆ ರಜೆ ಕೇಳುವಂತಿರಲಿಲ್ಲ. ಕೇಳಿದರೆ ಕೆಲಸದ ಜೊತೆ ಅವರು ಕೊಟ್ಟಿದ್ದ ಕೋಣೆಯೂ ಹೋಗುತ್ತಿತ್ತು.

ಅದೇ ಚಳಿಗಾಲ ಅಮ್ಮ ಅಕ್ಕನ ಬಾಣಂತನಕ್ಕೆಂದು ಮೈಸೂರಿನಿಂದ ಅಡಿಲೇಡಿಗೆ, ಮಾಡ್ಬರಿ ಬಡಾವಣೆಯಲ್ಲಿದ್ದ ಅಕ್ಕ-ಭಾವನ ಮನೆಗೆ ಬಂದಿದ್ದಳು. ನಾನು ಅಮ್ಮನನ್ನು ಎದುರಿಗೆ ಕಂಡು ನಾಲ್ಕು ವರ್ಷವಾಗಿತ್ತು. ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ರಾಗ, ಹಿಮ ನೋಡಬೇಕು. ಹಿಂದಿನಿಂದ ಭಾವನ ದನಿ ಕೇಳುತ್ತಿತ್ತು: “ನೋಡೋಣ ಅತ್ತೆ, ನೋಡೋಣ.”

ಈ ‘ನೋಡೋಣ’ ಅನ್ನುವುದನ್ನು ಕಂಡುಹಿಡಿದವನು ನನ್ನ ಕೈಗೆ ಸಿಗಬೇಕಿತ್ತು! ಇಲ್ಲ ಅನ್ನಲು ಧೈರ್ಯವಿಲ್ಲ, ಹೂಂ ಅನ್ನಲು ಮನಸ್ಸಿಲ್ಲ. ವೀಕೆಂಡ್ ಬಂದರೆ ಭಾವನಿಗೆ ಕ್ರಿಕೆಟ್ಟು, ಗೆಳೆಯರು, ಹಿತ್ತಲಲ್ಲಿ ಕೋಳಿ ಸುಡುವ ಬಾರ್ಬಿ. ಅಮ್ಮನಿಗೆ ಮಗುವಿನ ಎಣ್ಣೆ-ನೀರು, ಬಾಣಂತಿಗೆ ಮೆಣಸಿನ ಸಾರು, ಆಮೇಲೆ ಆ ಬಾರ್ಬಿಯ ತಟ್ಟೆಗಳನ್ನು ತೊಳೆಯುವುದು.

ಕೊನೆಗೂ ಅಕ್ಕ, ಮಗುವನ್ನು ಮನೆಯಲ್ಲೇ ಬಿಟ್ಟು ಅಮ್ಮ, ಭಾವ ಇಬ್ಬರೇ ಬಂದರು. ಸ್ಕೀ ಆಡುವವರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟುಗಳು ಸೀಸನ್ ಮುಗಿದು ನಿಂತ ಮಾರನೆಯ ದಿನ, ಸುರಿಯುವ ಮಳೆಯಲ್ಲಿ! ಮೆಲ್ಬರ್ನಿನಲ್ಲಿ ಭಾವನಿಗೆ ಏನೋ ಆಫೀಸ್ ಕೆಲಸವಿತ್ತಂತೆ. ಮರುದಿನ ರಾತ್ರಿ ಅಮ್ಮ ಊರಿಗೆ ಹೊರಡುವ ವಿಮಾನವೂ ಅಲ್ಲಿಂದಲೇ.

ಸೀರೆಯ ಮೇಲೆ ಅಕ್ಕನ ಜಾಕೆಟ್ ತೊಟ್ಟ ಅಮ್ಮ ಕಾರಿನಿಂದ ಇಳಿದಳು. ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಕೊಳಕು ಹಿಮದ ತೇಪೆ. ಭಾವ ಅದನ್ನೇ ತೋರಿಸಿ, “ಅಲ್ನೋಡಿ ಅತ್ತೆ, ಸ್ನೋ! ಬನ್ನಿ, ಒಂದ್ ಫೋಟೋ ತೆಗೆದ್ಬಿಡ್ತೀನಿ. ಕತ್ತಲಾಗೋದ್ರೊಳಗೆ ಕೆಳಗಿಳಿದ್ಬಿಡ್ಬೇಕು, ದಾರೀಲಿ ಕಾಂಗರೂ ಕಾಟ” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಇದನ್ನ ತೋರ್ಸಕ್ಕೆ ಕರ್ಕೊಂಡ್ ಬಂದ್ರಾ? ಇಡೀ ಸೀಸನ್ ಏನ್ ಮಾಡ್ತಿದ್ರಿ ಭಾವ? ಸ್ವಲ್ಪನಾದ್ರೂ ನಾಚ್ಕೆ ಆಗಲ್ವಾ?” ಎಂದು ಕಾರ್ ಪಾರ್ಕಿನಲ್ಲೇ ಕೂಗಾಡಿದೆ. ಭಾವ ಮುಖ ಗಂಟಿಕ್ಕಿಕೊಂಡು ಕಾರಿನೊಳಗೆ ಹೋಗಿ ಕೂತರು.

ಅಮ್ಮ ನನ್ನನ್ನು ಅಂಗಡಿಯ ಸೂರಿನಡಿಗೆ ಎಳೆದುಕೊಂಡು ಹೋದಳು. ಬೂಟು ಒರೆಸಿ ಒರೆಸಿ ಒಡೆದಿದ್ದ ನನ್ನ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು.

“ಯಾಕೇ ಹಂಗೆ ಹಾರಾಡ್ತೀಯ? ಹಿಮ ಯಾರಿಗೆ ಬೇಕಿತ್ತು?”

“ಮತ್ತೆ ಫೋನ್ ಮಾಡಿದಾಗೆಲ್ಲ ಹಿಮ ಹಿಮ ಅಂತಿದ್ಯಲ್ಲಮ್ಮಾ!”

“ಮೊದ್ಲು ಚಿಕ್ ಮಗಳನ್ನ ನೋಡ್ಬೇಕು ಅಂತಲೇ ಕೇಳಿದ್ದೆ ಕಣೇ. ದಿನಾ ವಿಡಿಯೋ ಕಾಲಲ್ಲಿ ನೋಡ್ತೀರಲ್ಲ ಅತ್ತೆ, ಅಂದ್ಬಿಟ್ರು. ಅದಕ್ಕೇ ಹಿಮ ಅಂದೆ. ಹಿಮ ಆದ್ರೆ ಬಂದೇ ನೋಡ್ಬೇಕಲ್ಲ.”

ಕಾರಿನ ಹಾರ್ನ್ ಕೇಳಿಸಿತು. ಅಮ್ಮ ಕಣ್ಣೊರೆಸಿಕೊಂಡು ಹೊರಟೇಬಿಟ್ಟಳು, ಹಾರ್ನಿಗೆ ಹೆದರಿದವಳ ಹಾಗೆ! ನಾನು ಅವಳಿಗಿಂತ ಮುಂದೆ ಹೋಗಿ ಡಿಕ್ಕಿ ತೆರೆದು ಅವಳ ಕೈಚೀಲ ಎತ್ತಿಕೊಂಡೆ.

“ಅಮ್ಮ ಇವತ್ತು ನನ್ ಜೊತೆ ಇರ್ತಾಳೆ. ನೀವು ಕೆಳಗಡೆ ಊರಲ್ಲಿ ಮೋಟೆಲ್ ನೋಡ್ಕೊಳ್ಳಿ, ಬೆಳಿಗ್ಗೆ ಬನ್ನಿ.”

ಭಾವ ಏನೋ ಅನ್ನುತ್ತಿದ್ದರು. ಡಿಕ್ಕಿಯನ್ನು ಧಡಾರನೆ ಮುಚ್ಚಿದೆ. ಕೆಲಸದವರ ಕೋಣೆಗೆ ಹೊರಗಿನವರನ್ನು ಕರೆತರಬಾರದು ಎಂಬ ನಿಯಮವಿತ್ತು. ಇವಳು ಯಾರು ಅಂತ ಯಾರಾದರೂ ಕೇಳಲಿ, ಅಂದುಕೊಂಡು ಅಮ್ಮನ ಕೈ ಹಿಡಿದು ಮ್ಯಾನೇಜರನ ಎದುರಿನಿಂದಲೇ ಒಳಗೆ ನಡೆದೆ.