ಮಾವನವರು ಪಾಸು ಮಾಡದ ಮೂಳೆಗಳು

ನಮ್ಮ ಮಾವನವರು ಇಡೀ ನೌಕರಿ ಮುಗಿಸಿದ್ದು ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಅವರಿಗೆ ಸಂಬಳ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ತಪಾಸಣೆ ನಿಲ್ಲಲಿಲ್ಲ. ನಾನು ಸೊಸೆಯಾಗಿ ಆ ಮನೆಗೆ ಕಾಲಿಟ್ಟದ್ದು ಸರಿಯಾಗಿ ಅದೇ ಹೊತ್ತಿಗೆ, ನನ್ನ ಗ್ರಹಚಾರ. ನಾನು ತಂದ ಬದನೆಕಾಯಿಯ ತೊಟ್ಟು ನೋಡುವರು, ಕುಕ್ಕರಿನ ರಬ್ಬರನ್ನು ಬೆಳಕಿಗೆ ಹಿಡಿಯುವರು. ಅತ್ತೆಯ ಅಡುಗೆಯ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು.

ನಾಯಿ ಅವರದು. ಗೇಟಿನ ಬಳಿ ನಡುಗುತ್ತಾ ನಿಂತಿದ್ದ ಬೀದಿನಾಯಿಯ ಮರಿಯನ್ನು ಅವರೇ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಸ್ವಂತ ಮಗನನ್ನೂ ಇಷ್ಟು ಎತ್ತಿ ಆಡಿಸಲಿಲ್ಲ ಎಂದು ಅತ್ತೆ ಮೂತಿ ತಿರುಗಿಸುತ್ತಿದ್ದರು. ಮರಿ ದೊಡ್ಡದಾದಂತೆ ಅದರ ಹಲ್ಲಿಗೂ ಕೆಲಸ ಬೇಕಾಯಿತು. ನನ್ನ ಚಪ್ಪಲಿ ಹೋಯಿತು, ಬಾಗಿಲಿನ ಹೊಸ್ತಿಲು ಹೋಯಿತು, ಕೊನೆಗೆ ಅತ್ತೆಯ ಮೊರವೂ ಹೋಯಿತು. ಭಾನುವಾರದ ಸಾರಿನ ಮೂಳೆ ಕೊಟ್ಟು ಸಮಾಧಾನ ಮಾಡುತ್ತಿದ್ದೆವು. ಅದಕ್ಕೂ ಹೆಬ್ಬಾಳದ ಪಶುವೈದ್ಯೆ ಕಲ್ಲು ಹಾಕಿದರು. ಬೇಯಿಸಿದ ಮೂಳೆ ಚೂರುಚೂರಾಗಿ ಕರುಳಿಗೆ ಚುಚ್ಚುತ್ತದೆ, ಕೊಡಲೇಬೇಡಿ ಎಂದರು.

ಹಾಗಾಗಿ ನಾನು ಯಲಹಂಕದ ಸಾಕುಪ್ರಾಣಿ ಅಂಗಡಿಗೆ ಹೋಗಿ, ಒಣಚರ್ಮವನ್ನು ಗಂಟು ಹಾಕಿ ಮೂಳೆಯ ಆಕಾರಕ್ಕೆ ತಂದಿದ್ದ ತಿನಿಸೊಂದನ್ನು ಕೊಂಡುತಂದೆ. ಮಾವ ಅದನ್ನು ನಾಯಿಗೆ ಕೊಡಲಿಲ್ಲ, ಬಕೆಟ್ಟಿನ ನೀರಿಗೆ ಹಾಕಿದರು. ಬೆಳಿಗ್ಗೆ ನೋಡಿದರೆ ಅದು ಊದಿಕೊಂಡು ಲೊಳಲೊಳ ಎನ್ನುತ್ತಿತ್ತು.

"ತುಂಡು ನುಂಗಿ, ಹೊಟ್ಟೆ ಒಳಗೆ ಹಿಂಗೇ ಊದ್ಕೊಂಡ್ರೆ? ರಿಜೆಕ್ಟ್ ಕಣಮ್ಮ," ಎಂದರು.

ಮುಂದಿನ ಸಲ ಒಣಗಿದ ಗೊರಸು ತಂದೆ. ಅದರ ಮೇಲೆ ಹೆಬ್ಬೆರಳಿನ ಉಗುರು ಒತ್ತಿದರು. "ಗುರುತು ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಹಲ್ಲೇ ಮುರಿಯುತ್ತೆ." ಅಷ್ಟಕ್ಕೇ ಬಿಡದೆ ಗೊರಸನ್ನು ತಮ್ಮದೇ ಮೊಣಕಾಲಿಗೆ ಕುಟ್ಟಿಕೊಂಡು ಅಯ್ಯಪ್ಪಾ ಎಂದು ಕುಳಿತರು. ನಾನು ಅಡುಗೆಮನೆಗೆ ಓಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಸಣ್ಣ ಕಡ್ಡಿಗಳನ್ನು ತಂದಾಗ, ಬಾಯಿಗಿಂತ ಉದ್ದ ಇರಬೇಕು, ಇಲ್ಲದಿದ್ದರೆ ಇಡಿಯಾಗಿ ನುಂಗುತ್ತದೆ ಎಂದರು. ಕೆಂಪು ಬಣ್ಣದ್ದನ್ನು ತಂದಾಗ ಒದ್ದೆ ಮಾಡಿ ಉಟ್ಟಿದ್ದ ಬಿಳಿ ಪಂಚೆಗೇ ಉಜ್ಜಿ ನೋಡಿದರು. ಬಣ್ಣ ಬಿಟ್ಟಿತು. ಪಂಚೆ ಒಗೆಯುವ ಅತ್ತೆಯ ಬಾಯಿಂದ ಅವತ್ತು ಅವರಿಗೆ ಮಂಗಳಾರತಿಯಾಯಿತು.

ಒಮ್ಮೆ ಅಂಗಡಿಗೆ ಅವರೂ ಜೊತೆಯಲ್ಲಿ ಬಂದು ಸಾಲಾಗಿ ಎಲ್ಲದಕ್ಕೂ ಉಗುರು ಒತ್ತಿದ್ದರು. ಆಮೇಲೆ ನಾನು ಹೋದಾಗಲೆಲ್ಲ ಅಂಗಡಿಯವನು ನನ್ನ ಬೆನ್ನ ಹಿಂದೆ ಇಣುಕುತ್ತಿದ್ದ. "ಮೇಡಂ, ಸರ್ ಬಂದಿಲ್ಲ ತಾನೇ?"

ಕೊನೆಗೂ ಒಂದು ಪಾಸಾಯಿತು. ಉದ್ದವಾಗಿ, ಬಾಗುವಂತಿದ್ದು, ಉಗುರಿಗೆ ಗುರುತು ಬೀಳುವ ತಿನಿಸು. ನಾಯಿ ಅದನ್ನು ಮುಂಗಾಲಲ್ಲಿ ಅವುಚಿಕೊಂಡು ಕಡಿಯುವಾಗ ಮಾವ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುವರು. ತುಂಡು ಚಿಕ್ಕದಾದ ಕೂಡಲೇ ಕಿತ್ತುಕೊಳ್ಳುವರು. ನಾನು ಗೆದ್ದೆ ಎಂದುಕೊಂಡೆ.

ಅದೇ ವಾರ ನಾಯಿ ಅತ್ತೆಯ ಕೆಂಪು ನೆಲದ ಮೇಲೆ ವಾಂತಿ ಮಾಡಿತು. ಮತ್ತೆ ಎರಡು ದಿನಕ್ಕೆ ಭೇದಿ.

"ತಂದಿದ್ದು ಯಾರು?" ಎಂದರು ಅತ್ತೆ.

"ಪಾಸ್ ಮಾಡಿದ್ದು ಯಾರು?" ಎಂದೆ ನಾನು.

ಆ ತಿನಿಸು ನಿಲ್ಲಿಸಿದೆವು. ವಾಂತಿ ನಿಲ್ಲಲಿಲ್ಲ. ವೈದ್ಯೆ ಹೊಟ್ಟೆ ಅಮುಕಿ ನೋಡಿ, ಮನೆಯಲ್ಲಿ ಯಾರೋ ಎಣ್ಣೆ, ಖಾರದ ಪದಾರ್ಥ ಕೊಡುತ್ತಿದ್ದಾರೆ ಎಂದರು. ಮಾವ ತಿರುಗಿ ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ನೋಟಕ್ಕೆ ಎರಡು ದಿನ ಅವರ ಕಾಫಿಗೆ ಸಕ್ಕರೆ ಕಡಿಮೆ ಹಾಕಿದೆ.

ನೆಲ ಒರೆಸಿ ಒರೆಸಿ ಅತ್ತೆಗೆ ಸಾಕಾಗಿತ್ತು. ಹೆಸರಘಟ್ಟದಲ್ಲಿ ಹಸು ಕಟ್ಟಿಕೊಂಡಿದ್ದ ತಮ್ಮನಿಗೆ ಫೋನು ಮಾಡಿ, ನಾಯಿಯನ್ನು ಕರೆದುಕೊಂಡು ಹೋಗು ಎಂದರು. ಮಾವ ಎಂದಿನಂತೆ ಸಂಜೆ ವರಾಂಡದಲ್ಲಿ ಕಾಫಿ ಲೋಟ, ಕೋಡುಬಳೆಯ ತಟ್ಟೆ ಇಟ್ಟುಕೊಂಡು ಕುಳಿತರು; ಕಾಲ ಬಳಿ ನಾಯಿ. ಹೊರಗಿನಿಂದ ಕಟಕಟ ಸದ್ದು ಕೇಳಿಸಿತು. ಎಷ್ಟೇ ಕೋಪವಿದ್ದರೂ ಆ ಸದ್ದಿಗೆ ಅತ್ತೆಯ ಮುಖ ಅರಳುತ್ತಿತ್ತು.

"ಕೇಳು, ಈ ವಯಸ್ಸಲ್ಲೂ ಹಲ್ಲು ಹೆಂಗಿದೆ ನಿಮ್ಮ ಮಾವಂಗೆ," ಎಂದರು.

ಭಾನುವಾರ ಬೆಳಿಗ್ಗೆ ಅತ್ತೆಯ ತಮ್ಮ ಹಾಲಿನ ಟೆಂಪೋ ತಂದು ಗೇಟಿನ ಮುಂದೆ ನಿಲ್ಲಿಸಿದರು. ಮಾವ ನಾಯಿಯ ಸರಪಣಿಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದರು. ಸುತ್ತಿಕೊಂಡೇ ಇದ್ದರು.

"ಬಿಡಿ ಭಾವ," ಎಂದರು ತಮ್ಮ. "ಅಲ್ಲಿ ಉಲ್ಲುಗಾವ್ಲೈತೆ, ಓಡಾಡ್ಕಂಡಿರ್ತದೆ. ಒಳ್ಳೆ ಮಗಳ್ನ ಗಂಡನ್ ಮನೆಗೆ ಕಳ್ಸೋರಂಗೆ ಇಂಗ್ ನಿಂತ್ಕಂಡ್ರೆ?"

ಮಾವ ನಾಯಿಯ ತಲೆ ಸವರಿದರು. "ನಾಯಿದೇನೂ ತಪ್ಪಿಲ್ಲ," ಎಂದರು. "ಸೊಸೆದೂ ತಪ್ಪಿಲ್ಲ. ಅದು ಕೋಡುಬಳೆ."

"ಯಾವ ಕೋಡುಬಳೆ?" ಎಂದರು ಅತ್ತೆ.

"ನಿನ್ನ ಕೋಡುಬಳೆ ಕಣೇ. ದಿನಾ ನಾನೇ ಹಾಕ್ತಿದ್ದೆ. ನಂಗೆ ಕಡಿಯೋಕಾಗಲ್ಲ. ದವಡೆ ಹಲ್ಲು ಅಲ್ಲಾಡ್ತಿದೆ, ಪ್ರಾಣ ಹೋಗೋ ಅಷ್ಟು ನೋವು."

ಖಾರದಪುಡಿ, ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಕರಿದ ಕೋಡುಬಳೆ! ಅಂಗಡಿಯ ತಿನಿಸನ್ನೆಲ್ಲ ನೀರಲ್ಲಿ ನೆನೆಸಿ, ಉಗುರಲ್ಲಿ ಒತ್ತಿ, ಮೊಣಕಾಲಿಗೆ ಕುಟ್ಟಿ ತಳ್ಳಿಹಾಕಿದ ಮಹಾನುಭಾವರು ಇದೊಂದನ್ನು ಯಾವ ಪರೀಕ್ಷೆಯೂ ಇಲ್ಲದೆ ಪಾಸು ಮಾಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಷ್ಟು ದಿನ ಒಳಗೆ ಕೇಳಿಸುತ್ತಿದ್ದ ಕಟಕಟ ಯಾರ ಹಲ್ಲಿನದೆಂದು ಹೊಳೆದದ್ದೇ ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ತಮ್ಮನಂತೂ ಟೆಂಪೋದ ಬಾಗಿಲು ಹಿಡಿದುಕೊಂಡು ನಗುತ್ತಿದ್ದರು.

ಅತ್ತೆ ನಗಲಿಲ್ಲ.

"ನೋವಿದೆ ಅಂತ ನಾಯಿಗೆ ಗೊತ್ತು, ನಂಗೆ ಗೊತ್ತಿಲ್ಲ," ಎಂದರು.

"ಅಷ್ಟು ಆಸೆಯಿಂದ ಮಾಡ್ತೀಯ. ಬೇಡ ಅಂತ ಹೆಂಗ್ ಹೇಳ್ಲಿ?"

"ಹಲ್ಲು ಅಲ್ಲಾಡಿದ್ರೇನ್ರೀ, ನಾಲಿಗೆ ಗಟ್ಟಿಯಾಗೇ ಇತ್ತಲ್ಲ? ಊರೋರ ತಪ್ಪೆಲ್ಲ ಹೇಳುತ್ತೆ, ತನ್ನ ನೋವು ಒಂದು ಹೇಳೋಕಾಗ್ಲಿಲ್ವಾ?"

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ನನ್ನ ನಗುವೂ ಅಲ್ಲೇ ನಿಂತಿತು. ಅತ್ತೆ ಮುಂದೆ ಹೋಗಿ ಮಾವನ ಕೈಯಿಂದ ಸರಪಣಿ ಬಿಡಿಸಿ ನನಗೆ ಕೊಟ್ಟು, ನಾಯಿಯನ್ನು ಒಳಗೆ ಕಟ್ಟು ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಗಾಡಿ ತೆಗಿಯೋ. ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕು."

ಮಾವ ತಕರಾರಿಲ್ಲದೆ ಟೆಂಪೋ ಹತ್ತಿದರು. ನಾಲ್ಕು ಜನರ ಎದುರು ಗಂಡನ ಪಕ್ಕ ಕೂರಲೂ ಸಂಕೋಚಪಡುತ್ತಿದ್ದ ಅತ್ತೆ, ಅವತ್ತು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತರು, ಬಿಟ್ಟರೆ ಎಲ್ಲಿ ಇಳಿದು ಓಡಿಹೋಗುತ್ತಾರೋ ಎನ್ನುವಂತೆ.