ಬಣ್ಣವಿಲ್ಲದ ಹಚ್ಚೆ

ನಮ್ಮ ಗೈಡ್ ಕಲಬುರಗಿ ಕಡೆಯವರು. ಹೈದರಾಬಾದಿನ ನಮ್ಮ ಲ್ಯಾಬಿನಲ್ಲಿ ಎಲ್ಲರೊಂದಿಗೂ ಇಂಗ್ಲಿಷ್, ನನ್ನನ್ನು ಬೈಯುವಾಗ ಮಾತ್ರ ಅಪ್ಪಟ ಕನ್ನಡ. ಅವರನ್ನೂ ನನ್ನನ್ನೂ ಬಿಟ್ಟರೆ ಅಲ್ಲಿ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲವಲ್ಲ, ಅದೊಂದು ಮರ್ಯಾದೆ.

ಪಿಎಚ್‌ಡಿಗೆ ನಾನು ಕಟ್ಟಿಕೊಂಡದ್ದು ಡಿಎನ್‌ಎ ಲಸಿಕೆಯನ್ನು. ಮಾಮೂಲಿ ಲಸಿಕೆಯಲ್ಲಿ ಸತ್ತ ರೋಗಾಣುವನ್ನೋ ಅದರ ತುಣುಕನ್ನೋ ಕೊಡುತ್ತಾರೆ. ನಮ್ಮದರಲ್ಲಿ ಆ ತುಣುಕನ್ನು ಮಾಡುವ ವಿಧಾನವನ್ನಷ್ಟೇ ಕೊಡುವುದು. ಮೈಯ ಜೀವಕೋಶಗಳೇ ಅದನ್ನು ಓದಿ ತುಣುಕು ತಯಾರಿಸಬೇಕು, ಅದನ್ನು ಕಂಡು ಮೈ ಎಚ್ಚೆತ್ತು ಪ್ರತಿಕಾಯಗಳನ್ನು ಹುಟ್ಟಿಸಬೇಕು. ಹೇಳುವುದಕ್ಕೇನೋ ಸೊಗಸು. ಆದರೆ ಇಲಿಯ ತೊಡೆಗೆ ಚುಚ್ಚಿದ ಡಿಎನ್‌ಎ ಕೋಶಗಳ ಹೊರಗೇ ಬಿದ್ದು ಹಾಳಾಗುತ್ತಿತ್ತು. ಲಗ್ನಪತ್ರಿಕೆಯನ್ನು ಗೇಟಿನ ಹತ್ತಿರ ಎಸೆದು ಬಂದರೆ ಊಟಕ್ಕೆ ಯಾರು ಬರುತ್ತಾರೆ?

"ಇನ್ನೊಂದ್ ಸಲ ನೋಡವ್ವಾ. ಆಗಲಿಲ್ಲಂದ್ರ ಈ ಕೆಲಸ ಬಂದ್," ಎಂದರು ಗೈಡ್. "ಊರೆಲ್ಲ ಕಂಪ್ಯೂಟರ್ ಮುಂದ ಕುಂತೈತಿ. ನೀನೂ ಕೂಡು."

ಹೈದರಾಬಾದಿನ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ಕೋರ್ಸಿನ ಜಾಹೀರಾತೇ ಇದ್ದ ಕಾಲ ಅದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ವರ್ಷಗಟ್ಟಲೆ ಇಲಿಗಳ ಜೊತೆ ಏಗಿದ್ದು ಪರದೆ ನೋಡುತ್ತ ಕೂರುವುದಕ್ಕೇನು? ಸಿಕ್ಕ ಸಂಶೋಧನಾ ಪ್ರಬಂಧಗಳನ್ನೆಲ್ಲ ಓದತೊಡಗಿದೆ.

ಆಗ ಪರದೇಶದವರ ಪ್ರಬಂಧವೊಂದು ಕಣ್ಣಿಗೆ ಬಿತ್ತು. ಸ್ನಾಯುವಿಗೆ ಬೇಡ, ಚರ್ಮಕ್ಕೆ ಕೊಡಿ, ಅದೂ ಹಚ್ಚೆ ಹಾಕುವ ಮಷೀನಿನಲ್ಲಿ. ಚರ್ಮದ ತುಂಬ ಕಾವಲು ಕೋಶಗಳಿವೆ. ಸೂಜಿಗಳು ಪಟಪಟನೆ ಚುಚ್ಚುವಾಗ ಡಿಎನ್‌ಎ ಒಳಗೂ ಹೋಗುತ್ತದೆ, ಕಾವಲಿನವರೂ ಎಚ್ಚರವಾಗುತ್ತಾರೆ.

ಸಾಫ್ಟ್‌ವೇರ್ ಹುಡುಗರಿಗೆ ಟ್ಯಾಟೂ ಹುಚ್ಚು ಹಿಡಿದು, ಬಂಜಾರಾ ಹಿಲ್ಸ್‌ನಲ್ಲಿ ಅದರ ಅಂಗಡಿಗಳೂ ಎದ್ದಿದ್ದವು. ಒಂದಕ್ಕೆ ನುಗ್ಗಿ, ನನ್ನ ಹರಕು ಹಿಂದಿಯಲ್ಲಿ, "ಚೂಹೇ ಕೇ ವಾಸ್ತೇ ಹೋನಾ," ಎಂದೆ. ಇಲಿಗೆ ಹಚ್ಚೆ ಹಾಕಲು ಮಷೀನು ಬೇಕು ಎನ್ನುವುದು ನನ್ನ ಅರ್ಥ. ಅಂಗಡಿಯವನು ಇಲಿಯ ಚಿತ್ರ ಬೇಕೆಂದುಕೊಂಡ. ನನ್ನ ತೋಳನ್ನೊಮ್ಮೆ ಅಳೆದು, "ಖಾಲಿ ಚೂಹಾ? ಗಣೇಶ್‌ಜೀ ನಕ್ಕೋ?" ಎಂದು ಕೇಳಿದ. ಗಣಪತಿ ಬೇಡ, ವಾಹನ ಮಾತ್ರ ಬೇಕೆನ್ನುವ ಗಿರಾಕಿಯನ್ನು ಆತ ನೋಡಿರಲಿಲ್ಲ ಪಾಪ. ವಿಷಯ ತಿಳಿದ ಮೇಲೆ ನಕ್ಕು ನಕ್ಕು ಸುಸ್ತಾಗಿ, ಹಳೆಯ ಮಷೀನೊಂದನ್ನು ಕೊಟ್ಟು ಕಳಿಸಿದ.

ತಾರ್ನಾಕ ಬಡಾವಣೆಯ ಮನೆಯಲ್ಲಿ ನನ್ನ ಜೊತೆಗಿದ್ದ ಅಜ್ಜಿಯ ಮುಂಗೈ ತುಂಬ ಹಚ್ಚೆ. ಸುದ್ದಿ ಕೇಳಿ ಅವಳು ಎದ್ದೇ ಕುಳಿತಳು.

"ಇಲಿಗೆ ಯಾವ ಚಿತ್ರ ಹಾಕ್ತಿ?"

"ಚಿತ್ರ ಇಲ್ಲಜ್ಜಿ, ಬಣ್ಣಾನೂ ಇಲ್ಲ. ಬರೇ ಔಷಧ."

"ಅಯ್ಯ, ಬಣ್ಣ ಇಲ್ಲದ ಹಚ್ಚಿ ಎಂಥಾ ಹಚ್ಚಿಲೇ! ನಾ ಅಳಬಾರದಂತ ಬಾಯಾಗ ಬೆಲ್ಲ ಇಟ್ಟಿದ್ರು. ಅದಕ್ಕೇನು ಇಡ್ತಿ?"

"ಎಚ್ಚರ ತಪ್ಪೋ ಔಷಧ ಕೊಡ್ತೀವಿ. ಮಕ್ಕೊಂಡಿರ್ತಾವ."

"ನಮಗಿಂತ ಭಾಳ ಪುಣ್ಯ ಮಾಡ್ಯಾವ ಬಿಡು," ಎಂದಳು.

ಅರ್ಧ ಇಲಿಗಳಿಗೆ ಹಳೆಯ ರೀತಿ ತೊಡೆಗೆ ಚುಚ್ಚಿದೆ, ಅರ್ಧಕ್ಕೆ ಹೊಟ್ಟೆಯ ಕೂದಲು ಬೋಳಿಸಿ ಹಚ್ಚೆ. ಚರ್ಮ ಎಳೆದು ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಗೈಡನ್ನು ಕರೆದರೆ, "ನಿನ್ನ ಹುಚ್ಚಾಟ ನೀನೇ ಮಾಡ್ಕೋ," ಎಂದು ಹೊರಟುಹೋದರು. ಕೋಪಕ್ಕೆ ಕೈ ಇನ್ನೂ ಗಟ್ಟಿಯಾಯಿತು. ಒಂದು ಕೈಯಲ್ಲಿ ಚರ್ಮ, ಇನ್ನೊಂದರಲ್ಲಿ ಮಷೀನು ಹಿಡಿದು ನಾನೊಬ್ಬಳೇ ಮುಗಿಸಿದೆ.

ಕೆಲವು ವಾರ ಕಳೆದ ಮೇಲೆ ಇಲಿಗಳ ರಕ್ತ ತೆಗೆದು, ಸಣ್ಣ ಗುಳಿಗಳಿರುವ ಪ್ಲೇಟಿನಲ್ಲಿ ಪರೀಕ್ಷೆಗಿಟ್ಟೆ. ಪ್ರತಿಕಾಯ ಹೆಚ್ಚಿದ್ದಷ್ಟೂ ಗುಳಿ ಹಳದಿಯಾಗಬೇಕು. ಗೈಡ್ ಬಂದು ಹಿಂದೆ ನಿಂತರು. ತೊಡೆಗೆ ಚುಚ್ಚಿದ ಇಲಿಗಳ ಸಾಲು ಎಂದಿನಂತೆ ಬಿಳಿಚಿಕೊಂಡಿತ್ತು. ಹಚ್ಚೆಯ ಸಾಲಿನಲ್ಲಿ ಮೊದಲು ಒಂದು ಗುಳಿ ಬಣ್ಣ ತಿರುಗಿತು, ಆಮೇಲೆ ಪಕ್ಕದ್ದು, ಆಮೇಲೆ ಸಾಲಿಗೆ ಸಾಲೇ ಅರಿಶಿನ ಕಲಸಿದಂತಾಯಿತು.

ಗೈಡ್ ಪ್ಲೇಟನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅಂಗಿಯ ತೋಳು ಮಡಚುತ್ತ ಹೇಳಿದರು:

"ಮುಂದಿನ ಸಲ ಚರ್ಮ ನಾ ಹಿಡೀತೀನವ್ವಾ."

ಚರ್ಮ ಯಾರಾದರೂ ಹಿಡಿಯಲಿ. ಮುಂದಿನ ಸಲ ಎನ್ನುವುದೊಂದು ಇದೆಯಲ್ಲ ಎಂದು ನಾನು ಅಲ್ಲೇ ನಿಂತು ಅತ್ತುಬಿಟ್ಟೆ.