ಜಹೀದಾ ನೀರಿಗಿಳಿದದ್ದು

ನರಗುಂದದ ನಮ್ಮ ಓಣಿಯಲ್ಲಿ ಈಜು ಬರುವ ಯಾವ ಗಂಡಸನ್ನಾದರೂ ನಿಲ್ಲಿಸಿ ಕೇಳಿ, ಕಲಿಸಿದವರು ಮಲಿಕಸಾಬರು ಎನ್ನುತ್ತಾನೆ. ಕಾಳಿನ ಅಂಗಡಿಯಲ್ಲಿ ತೂಕ ಹಾಕುವುದು ಅವರ ಹೊಟ್ಟೆಪಾಡು, ರವಿವಾರ ಹೊಲದ ಬಾವಿಯಲ್ಲಿ ಈಜು ಕಲಿಸುವುದು ಅವರ ಹುಚ್ಚು. ಕಲಿಯುವವನ ನಡುವಿಗೆ ಹಗ್ಗ ಕಟ್ಟಿ ಮೇಲಿನಿಂದ ದೂಡುತ್ತಾರೆ. ಆಮೇಲೆ ಅವನು ತೇಲುವ ತನಕ ಬೈಯುತ್ತಾರೆ.

ಹೆಂಡತಿ ಜಹೀದಾಳಿಗೆ ಮಾತ್ರ ಕಲಿಸಲಿಲ್ಲ. ದೀಪದ ಬುಡಕ್ಕೇ ಕತ್ತಲೆ. ಅವಳು ಕೇಳಿದಾಗಲೆಲ್ಲ, "ಗಂಡಸರು ಈಜೂ ಬಾವ್ಯಾಗ ನಿನಗೇನ ಕೆಲಸ? ಮುಂದ ನೋಡೋಣು" ಎನ್ನುತ್ತಿದ್ದರು. ಆ 'ಮುಂದೆ' ಬರುವಷ್ಟರಲ್ಲಿ ನನ್ನ ಗೆಳತಿಯ ತಲೆ ನರೆಯಿತು, ಮೊಣಕಾಲು ನೋಯತೊಡಗಿತು. ಆಸೆಗೆ ಮಾತ್ರ ವಯಸ್ಸಾಗಲಿಲ್ಲ. ಒಮ್ಮೆಯಾದರೂ ನೀರಿನ ಮೇಲೆ ಅಂಗಾತ ಮಲಗಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಹೋದ ಚಳಿಗಾಲದಲ್ಲಿ ಮಗಳು ಗುಲ್ಷನ ಇಬ್ಬರನ್ನೂ ಜರ್ಮನಿಗೆ ಕರೆಸಿಕೊಂಡಳು. ಅವಳಿಗೆ ಅಲ್ಲಿಯ ದವಾಖಾನೆಯಲ್ಲಿ ನರ್ಸ್ ಕೆಲಸ. ಮನೆಯ ಹತ್ತಿರವೇ ಊರಿಗೆಲ್ಲ ಸೇರಿದ ಈಜುಕೊಳ. ಮೇಲೆ ಛಾವಣಿ, ಒಳಗೆ ಬೆಚ್ಚನೆಯ ನೀರು, ಗಂಡಸರು ಹೆಂಗಸರು ಎಂಬ ಭೇದವಿಲ್ಲ. ಗುಲ್ಷನ ತಾಯಿಗೆ ಮೈತುಂಬ ಮುಚ್ಚುವ ಈಜುಡುಗೆ ತಂದಳು, ತಂದೆಗೆ ಮೈಗಂಟುವ ಗಿಡ್ಡ ಚಡ್ಡಿ ತಂದಳು.

ಮಲಿಕಸಾಬರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. "ಇದನ್ನ ಹಾಕ್ಕೊಂಡು ಮಗಳ ಮುಂದ ನಿಂದರ್ಲ್ಯಾ? ನಂದು ನನಗ ಐತಿ" ಎಂದವರು ಊರಿನಿಂದ ತಂದ ಪಟ್ಟಾಪಟ್ಟಿ ಚಡ್ಡಿ ಹಾಕಿಕೊಂಡರು. ಮಂಡಿ ಮುಟ್ಟುವ ದಪ್ಪ ಬಟ್ಟೆಯ ಚಡ್ಡಿ, ಮುಂದೆ ಜೋತುಬಿದ್ದ ಲಾಡಿ, ಪಕ್ಕದಲ್ಲಿ ಅಡಿಕೆ ಇಡುವ ಕಿಸೆ. ಈ ಕತೆಯನ್ನು ಅವರೇ ಹೇಳುವಾಗ ಚಡ್ಡಿಯ ಸುದ್ದಿ ಬರುವುದೇ ಇಲ್ಲ. ನನಗೆ ಹೇಳಿದವಳು ಜಹೀದಾ.

ಕೊಳದ ಕಾವಲಿನ ಹೆಣ್ಣುಮಗಳು ಚಡ್ಡಿಯನ್ನು ನೋಡಿದ್ದೇ ಸೀಟಿ ಊದಿ ಅಡ್ಡ ಬಂದಳು.

"ಅಬ್ಬಾ, ಅರಿವಿ ಚಡ್ಡಿ ಇಲ್ಲಿ ನಡೆಯಂಗಿಲ್ಲಂತ. ನೀರು ಹೊಲಸಾಗ್ತಾವಂತ," ಗುಲ್ಷನ ನಗು ತಡೆದುಕೊಂಡು ತಂದೆಗೆ ಹೇಳಿದಳು.

"ಇದs ಚಡ್ಡ್ಯಾಗ ಈಜಿ ಅದs ಬಾವಿ ನೀರು ಕುಡದೀವಿ. ಯಾರ ಸತ್ತಾರ?"

ಈ ವಾದವನ್ನು ಜರ್ಮನ್ ಭಾಷೆಗೆ ತಿರುಗಿಸಲು ಗುಲ್ಷನಳಿಗೆ ಧೈರ್ಯ ಬರಲಿಲ್ಲ. ನರಗುಂದದ ಈಜಿನ ಗುರು ಮುಖ ಗಂಟಿಕ್ಕಿಕೊಂಡು ಕೊಳದ ಪಕ್ಕದ ಬೆಂಚಿನ ಮೇಲೆ ಕುಳಿತರು.

ಜಹೀದಾ ಅಷ್ಟರಲ್ಲಿ ಮೆಟ್ಟಿಲ ಪಕ್ಕದ ಸರಳು ಹಿಡಿದು ಸೊಂಟಮಟ್ಟದ ನೀರಿಗೆ ಇಳಿದಿದ್ದಳು.

"ಮ್ಯಾಲೆ ಬಾ. ನಾ ಇಲ್ಲದ ಇಳೀಬ್ಯಾಡ. ನಾಳಿ ನೋಡೋಣು," ಗಂಡ ಕೂಗಿದರು.

ಗಂಡ ಕರೆದಾಗ ಹೋಗುವುದು ಅವಳಿಗೆ ಉಸಿರಾಡಿದಷ್ಟು ರೂಢಿ. ಈಗ ಮೇಲೆ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂದೂ ಗೊತ್ತಿತ್ತು.

"ನಾ ಬರಂಗಿಲ್ರಿ," ಎಂದಳು.

ಗುಲ್ಷನ ತಾಯಿಯ ಬೆನ್ನಿನ ಕೆಳಗೆ ಅಂಗೈ ಕೊಟ್ಟಳು. ಬೆಂಚಿನ ಮೇಲಿಂದ ಪಾಠ ಸುರುವಾಯಿತು. "ಹೊಟ್ಟಿ ಮ್ಯಾಲೆತ್ತು! ಕುತ್ತಿಗಿ ಸಡ್ಲ ಬಿಡು!" ಆ ಅಬ್ಬರಕ್ಕೆ ಈಜುತ್ತಿದ್ದವರೆಲ್ಲ ತಿರುಗಿ ನೋಡಿದರು. ಜಹೀದಾ ಗಾಬರಿಯಾಗಿ ಮುಳುಗಿದಳು, ಮೂಗಿನಲ್ಲಿ ನೀರು ಹೋಗಿ ಕೆಮ್ಮಿದಳು. ಮಲಿಕಸಾಬರು ಚಡ್ಡಿಯನ್ನೂ ಕಾಯಿದೆಯನ್ನೂ ಮರೆತು ಎದ್ದು ನಿಂತರು. ಅವಳು ಕೈಯೆತ್ತಿ ಅವರನ್ನು ಅಲ್ಲಿಯೇ ತಡೆದಳು. ಮತ್ತೆ ಮಲಗಿದಳು. ಈ ಸಲ ಕಿವಿ ನೀರಿನೊಳಗೆ ಹೋದವು, ಗಂಡನ ಕೂಗು ನಿಂತುಹೋಯಿತು. ಯಾವಾಗಲೋ ಮಗಳ ಅಂಗೈಯೂ ಬೆನ್ನಿನಡಿಯಿಂದ ಸರಿದಿತ್ತು.

"ಮರಿಯವ್ವಾ, ನನ್ನ ಭಾರ ನನಗ ಇಲ್ಲದಂಗ ಆತು ನೋಡವಾ," ಎಂದು ನನಗೆ ಹೇಳುವಾಗಲೂ ಅವಳ ಮುಖ ಅರಳಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಬಹಳ ಹೊತ್ತಿನ ಮೇಲೆ ಅವಳು ದಂಡೆಗೆ ಬಂದಳು. ಮಲಿಕಸಾಬರು ಟವೆಲ್ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಎಂಬಂತೆ ಕೇಳಿದಳು:

"ಇದ್ರಾಗ ಇಷ್ಟ ಸುಖ ಐತಿ ಅಂತ ನಿಮಗ ಗೊತ್ತಿತ್ತಲ್ರಿ. ಊರಿಗೆಲ್ಲಾ ಹಂಚಿದ್ರಿ. ನನಗೊಬ್ಬಾಕಿಗೆ ಯಾಕ ಕೊಡಲಿಲ್ಲ?"

ಮಲಿಕಸಾಬರು ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ತಪ್ಪಾತು," ಎಂದರು. "ಹೋಗು, ಇನ್ನಷ್ಟೊತ್ತು ಮಲಕೋ. ನಾ ಇಲ್ಲೇ ಕುಂತಿರ್ತೀನಿ."

ಆ ಮಾತು ಮುಗಿಯುವಷ್ಟರಲ್ಲಿ ಜಹೀದಾ ದಂಡೆ ಬಿಟ್ಟಿದ್ದಳು.